ತಾಯಿಯಿಂದ ಬಂದದ್ದು, ತಾಯಿ ಮಾಡಿದ್ದಲ್ಲ

ಹಾವೇರಿ ಕಡೆಯ ಓದುಗರೊಬ್ಬರ ಪತ್ರ ಇದು. ಹೆಸರು ಹಾಕಬೇಡಿ ಅಂದಿದ್ದಾರೆ.

"ಹೋದ ತಿಂಗಳ ಮೈಟೊಕಾಂಡ್ರಿಯ ಲೇಖನದಲ್ಲಿ ಚಿತ್ರದ ಕೆಳಗೆ 'ತಾಯಂದಿರು ದಾಟಿಸುವ ಕಾಯಿಲೆ' ಅಂತ ಹಾಕಿದ್ದೀರಿ. ನನ್ನ 19 ವರ್ಷದ ಮಗನಿಗೆ ಲೆಬರ್ ಅನ್ನುವ ಕಣ್ಣಿನ ನರದ ಕಾಯಿಲೆ. ಅತ್ತೆಯವರು ಆ ಸಾಲನ್ನು ಎರಡು ಸಲ ಓದಿಸಿಕೊಂಡು 'ನೋಡಿದ್ಯಾ, ನಿನ್ನ ಕಡೆಯಿಂದಲೇ ಬಂದಿದ್ದು' ಅಂದರು. ನನ್ನ ಕಣ್ಣು ಚೆನ್ನಾಗೇ ಇದೆ. ನನಗಿಲ್ಲದ ಕಾಯಿಲೆ ನಾನು ಹೇಗೆ ಕೊಟ್ಟೆ? ಮಗಳಿಗೂ ಬರುತ್ತಾ? ಇದನ್ನು ಕಂಡುಹಿಡಿದ ಆ ಅಮೆರಿಕದ ವಿಜ್ಞಾನಿ ನಿಜಕ್ಕೂ ಹೇಳಿದ್ದೇನು?"

ಅಮ್ಮಾ, ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಸಾಲು ಲೇಖಕರದ್ದಲ್ಲ, ಸಂಪಾದಕನಾದ ನನ್ನದು. ಚಿತ್ರದ ಕೆಳಗೆ ಮೂರು ಪದಕ್ಕೆ ಜಾಗ ಇತ್ತು, ಪುಟ ಪ್ರೆಸ್ಸಿಗೆ ಹೋಗಬೇಕಿತ್ತು, ಬಾಯಿಗೆ ಬಂದ ಮೂರು ಪದ ಬರೆದೆ. ಅದು ನಿಮ್ಮ ಅಡುಗೆಮನೆಯಲ್ಲಿ ಹೀಗೆ ಹೋಗಿ ಕೂರುತ್ತೆ ಅಂತ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಆ ವಿಜ್ಞಾನಿಯ ಹೆಸರು ಡಗ್ಲಸ್ ವ್ಯಾಲೇಸ್, ಈಗ ಫಿಲಡೆಲ್ಫಿಯದ ಮಕ್ಕಳ ಆಸ್ಪತ್ರೆಯಲ್ಲಿದ್ದಾರೆ. ಅವರ ಕೆಲಸ ಶುರುವಾದ ಕಾಲಕ್ಕೆ ಮೈಟೊಕಾಂಡ್ರಿಯ ಅಂದರೆ ಜೀವಕೋಶಕ್ಕೆ ಕರೆಂಟು ಕೊಡುವ ಡಬ್ಬಿ, ಅಷ್ಟೇ. ಅದರೊಳಗೆ ಒಂದಿಷ್ಟು ಡಿಎನ್‌ಎ ಇದೆ ಅಂತ 1963ರಲ್ಲೇ ಸ್ಟಾಕ್‌ಹೋಮ್‌ನಲ್ಲಿ ಕಂಡಿದ್ದರು. ಆದರೆ ಕೋಶದ ನಡುವಿನ ನ್ಯೂಕ್ಲಿಯಸ್‌ನಲ್ಲಿ 300 ಕೋಟಿ ಡಿಎನ್‌ಎ ಅಕ್ಷರ ಇರುವಾಗ 16,569 ಅಕ್ಷರದ ಈ ಪುಟ್ಟ ಉಂಗುರಕ್ಕೆ ಯಾರು ಬೆಲೆ ಕೊಡುತ್ತಾರೆ?

ವ್ಯಾಲೇಸ್ 1975ರಲ್ಲಿ, ಇನ್ನೂ ಯೇಲ್‌ನಲ್ಲಿದ್ದಾಗ, ತನ್ನ ಸಂಗಡಿಗರ ಜೊತೆ ಮಾಡಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಕ್ಲೋರಾಂಫೆನಿಕಾಲ್ ಅಂತ ಔಷಧಿ, ಟೈಫಾಯಿಡ್ ಅಂದರೆ ನಮ್ಮ ಹಳ್ಳಿ ಡಾಕ್ಟರುಗಳೂ ಆಗ ಅದನ್ನೇ ಕೊಡುತ್ತಿದ್ದರು. ಅದು ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿ ನಿಲ್ಲಿಸುತ್ತದೆ. ಮೈಟೊಕಾಂಡ್ರಿಯವೂ ಯಾವುದೋ ಕಾಲದ ಬ್ಯಾಕ್ಟೀರಿಯಾದ ವಂಶದ್ದೇ ಆದ್ದರಿಂದ ಅದಕ್ಕೂ ಏಟು ಬೀಳುತ್ತದೆ. ಈ ಔಷಧಿಗೆ ಜಗ್ಗದ ಒಂದು ಜಾತಿಯ ಕೋಶಗಳನ್ನು ತಗೊಂಡು, ಅವುಗಳ ನ್ಯೂಕ್ಲಿಯಸ್ ಕಿತ್ತು ಹಾಕಿ, ಉಳಿದ ರಸವನ್ನು ಔಷಧಿಗೆ ಸಾಯುವ ಕೋಶಗಳ ಜೊತೆ ಬೆಸೆದರು. ಸಾಯಬೇಕಿದ್ದವು ಬದುಕಿದವು. ಅಂದರೆ ಆ ಗುಣ ನ್ಯೂಕ್ಲಿಯಸ್‌ನಿಂದ ಬಂದದ್ದಲ್ಲ, ಮೈಟೊಕಾಂಡ್ರಿಯ ಇರುವ ಹೊರಗಿನ ರಸದಲ್ಲೇ ಇತ್ತು. ಹಣ್ಣಿನ ಬೀಜ ತೆಗೆದು ಬಿಸಾಕಿದ ಮೇಲೂ ತಳಿಯ ಗುಣ ತಿರುಳಿನಲ್ಲೇ ದಾಟಿಬಂದ ಹಾಗೆ.

ಆಮೇಲೆ 1980ರಲ್ಲಿ ಅವರ ತಂಡ ಕುಟುಂಬಗಳ ರಕ್ತ ತಗೊಂಡು ನೋಡಿತು. ಒಂದು ಮನೆಯಲ್ಲಂತೂ ಮೂರು ತಲೆಮಾರಿನದ್ದು. ಅಪ್ಪನ ಉಂಗುರ ಬೇರೆ, ಅಮ್ಮನದು ಬೇರೆ ಇದ್ದ ಕಡೆ ಮಕ್ಕಳಲ್ಲಿ ಸಿಕ್ಕಿದ್ದು ಅಮ್ಮನದೇ. 1988ರಲ್ಲಿ ಅವರು ನಿಮ್ಮ ಮಗನ ಕಾಯಿಲೆಗೇ ಬಂದರು. ಜರ್ಮನಿಯ ಕಣ್ಣಿನ ವೈದ್ಯ ಥಿಯೋಡರ್ ಲೆಬರ್ 1871ರಲ್ಲೇ ವರ್ಣಿಸಿದ್ದ, ಕಾರಣ ಮಾತ್ರ ಯಾರಿಗೂ ಗೊತ್ತಿರದಿದ್ದ ಕಾಯಿಲೆ. ಆ ಉಂಗುರದ 11,778ನೇ ಅಕ್ಷರ 'ಜಿ' ಇರಬೇಕಾದ ಕಡೆ 'ಎ' ಆಗಿದೆ ಅಂತ ತೋರಿಸಿದರು. ಒಂದೇ ಅಕ್ಷರ. ತಾಯಿಯಿಂದ ಬರುವ ಒಂದು ಕಾಯಿಲೆಯ ಮೂಲ ಹೀಗೆ ಮೈಟೊಕಾಂಡ್ರಿಯದ ಡಿಎನ್‌ಎಯ ಒಂದು ಅಕ್ಷರದಲ್ಲಿ ಸಿಕ್ಕಿದ್ದು ಅದೇ ಮೊದಲು. ನೀವು ಕಳಿಸಿದ ರಿಪೋರ್ಟಿನ ನಕಲಿನಲ್ಲೂ ಅದೇ ನಂಬರ್ ಇದೆ, ನೋಡಿ.

ಈಗ ನಿಮ್ಮ ಪ್ರಶ್ನೆ. ಇಲ್ಲದ ಕಾಯಿಲೆ ಹೇಗೆ ಕೊಟ್ಟೆ ಅಂದಿರಿ. ಕಾಯಿಲೆ ನೀವು ಕೊಡಲಿಲ್ಲ. ನಿಮ್ಮ ಅಮ್ಮ ನಿಮಗೆ ಕೊಟ್ಟ ಉಂಗುರ, ಅವರಿಗೆ ಅವರಮ್ಮ ಕೊಟ್ಟದ್ದು, ಹೀಗೆ ಯಾವಾಗಲೋ ಒಬ್ಬ ಮುತ್ತಜ್ಜಿಯ ಮುತ್ತಜ್ಜಿಯಲ್ಲಿ ಡಿಎನ್‌ಎ ನಕಲು ಆಗುವಾಗ ಒಂದಕ್ಷರ ತಪ್ಪಿತು. ಮೈಟೊಕಾಂಡ್ರಿಯದಲ್ಲಿ ಇಂಥ ತಪ್ಪು ನ್ಯೂಕ್ಲಿಯಸ್‌ಗಿಂತ ಜಾಸ್ತಿ. ಯಾರೂ ಮಾಡಿದ್ದಲ್ಲ. ತಿಂದದ್ದು, ಬಸುರಿಯಲ್ಲಿ ಮಾಡಿದ್ದು, ಗ್ರಹಣ ನೋಡಿದ್ದು, ಯಾವುದೂ ಇದಕ್ಕೆ ಸೇರಲ್ಲ.

ಅಕ್ಷರ ತಪ್ಪಿದ್ದರೂ ಎಲ್ಲರಿಗೂ ಕಣ್ಣು ಹೋಗಲ್ಲ. ಇದೇ ಈ ಕಾಯಿಲೆಯ ವಿಚಿತ್ರ. ಈ ಬದಲಾವಣೆ ಇರುವ ಗಂಡಸರಲ್ಲಿ ಸುಮಾರು ಅರ್ಧ ಜನಕ್ಕೆ, ಹೆಂಗಸರಲ್ಲಿ ಹತ್ತರಲ್ಲಿ ಒಬ್ಬರಿಗೆ ದೃಷ್ಟಿ ಹೋಗುತ್ತದೆ ಅನ್ನುವುದು ಪುಸ್ತಕಗಳಲ್ಲಿರುವ ಹಳೇ ಲೆಕ್ಕ, ಈಚಿನ ಲೆಕ್ಕಗಳು ಇನ್ನೂ ಕಮ್ಮಿ ಹೇಳುತ್ತವೆ. ಹೆಂಗಸರಿಗೆ ಈಸ್ಟ್ರೊಜೆನ್ ಅನ್ನುವ ಹೆಣ್ಣು ಹಾರ್ಮೋನಿನ ಕಾವಲು ಇರಬಹುದು ಅನ್ನುವವರಿದ್ದಾರೆ, ವಾದ ಇನ್ನೂ ಮುಗಿದಿಲ್ಲ. ಹಾಗಾಗಿ ನಿಮ್ಮ ಮಗಳಿಗೆ ಆ ಅಕ್ಷರ ಇದ್ದೇ ಇರುತ್ತದೆ ಅಂತ ಇಟ್ಟುಕೊಳ್ಳಿ, ಕಣ್ಣು ಹೋಗದೇ ಇರುವ ಸಾಧ್ಯತೆಯೇ ಜಾಸ್ತಿ. ಮಗನಿಂದ ಅವನ ಮಕ್ಕಳಿಗೆ ಇದು ಹೋಗಲ್ಲ. ಇಬ್ಬರೂ ಸಿಗರೇಟಿನ ಹತ್ತಿರ ಹೋಗಬಾರದು. ಇದನ್ನು ಸುಮ್ನೆ ಉಪದೇಶಕ್ಕೆ ಹೇಳುತ್ತಿಲ್ಲ, ಸೇದುವವರಲ್ಲಿ ಕಣ್ಣು ಹೋಗುವುದು ಹೆಚ್ಚು ಅಂತ ಅಧ್ಯಯನಗಳಲ್ಲಿ ಕಂಡಿದೆ.

ಮಗ ಮನೆಯೊಳಗೆ ಸಲೀಸಾಗಿ ಓಡಾಡುತ್ತಾನೆ, ಎದುರಿಗೆ ನಿಂತವರ ಮುಖ ಮಾತ್ರ ಕಾಣಲ್ಲ, ಕಿವಿ ಕಾಣುತ್ತೆ ಅನ್ನುತ್ತಾನೆ, ಅದಕ್ಕೇ ನೆಂಟರು ನಾಟಕ ಅಂದುಕೊಂಡಿದ್ದಾರೆ ಅಂತ ಬರೆದಿದ್ದೀರಿ. ನಾಟಕ ಅಲ್ಲ. ನೋಟದ ಮಧ್ಯಭಾಗವನ್ನು ಮಿದುಳಿಗೆ ಒಯ್ಯುವ ಸಣ್ಣ ನರತಂತುಗಳು ಶಕ್ತಿ ಸಾಲದೆ ಮೊದಲು ಸೋಲುತ್ತವೆ, ಅಂಚು ಉಳಿಯುತ್ತದೆ. ಹೊಸ್ತಿಲು ಕಾಣುತ್ತದೆ, ಬಸ್ಸಿನ ಬೋರ್ಡು ಕಾಣಲ್ಲ. ನೋವಿಲ್ಲ. ಒಂದು ಕಣ್ಣು ಮೊದಲು, ಕೆಲವು ವಾರ ಇಲ್ಲವೇ ತಿಂಗಳಲ್ಲಿ ಇನ್ನೊಂದು. ಐಡೆಬೆನೋನ್ ಅನ್ನುವ ಮಾತ್ರೆಗೆ ಯುರೋಪಿನಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿದೆ, ಕೆಲವರಿಗೆ ಸ್ವಲ್ಪ ನೋಟ ಮರಳಿದೆ, ಪವಾಡ ಅಲ್ಲ. ಅದು ನಿಮ್ಮ ಮಗನಿಗೆ ಬೇಕೋ ಬೇಡವೋ ಅಂತ ಪತ್ರಿಕೆಯ ಸಂಪಾದಕ ಹೇಳಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೈಟೊಕಾಂಡ್ರಿಯದ ಕಾಯಿಲೆಗಳ ಮೇಲೆ ವರ್ಷಗಳಿಂದ ಕೆಲಸ ಮಾಡಿದವರಿದ್ದಾರೆ, ರಿಪೋರ್ಟು ಹಿಡಿದು ಒಮ್ಮೆ ಅಲ್ಲಿಗೆ ಹೋಗಿಬನ್ನಿ.

ನನ್ನ ಸಾಲಿನಲ್ಲಿ ಇನ್ನೊಂದು ತಪ್ಪೂ ಇತ್ತು, ಯಾರೂ ಹಿಡಿಯಲಿಲ್ಲ, ನಾನೇ ಹೇಳುತ್ತೇನೆ. ಮೈಟೊಕಾಂಡ್ರಿಯದ ಕಾಯಿಲೆ ಎಲ್ಲವೂ ತಾಯಿಯಿಂದ ಬರುವುದಲ್ಲ. ಅದು ಓಡಲು ಸಾವಿರಕ್ಕೂ ಹೆಚ್ಚು ಬಗೆಯ ಪ್ರೋಟೀನ್ ಬೇಕು, ಅದರಲ್ಲಿ ಆ ಉಂಗುರ ಬರೆಯುವುದು ಬರೀ 13. ಉಳಿದವಕ್ಕೆ ಜೀನ್ ಇರುವುದು ನ್ಯೂಕ್ಲಿಯಸ್‌ನಲ್ಲಿ, ಅಂದರೆ ಅಪ್ಪ ಅಮ್ಮ ಇಬ್ಬರದೂ ಪಾಲು. ಪುಟ್ಟ ಮಕ್ಕಳಲ್ಲಿ ಕಾಣುವ ಮೈಟೊಕಾಂಡ್ರಿಯದ ಕಾಯಿಲೆಗಳಲ್ಲಿ ಬಹಳಷ್ಟು ಈ ಎರಡನೇ ಜಾತಿಯವು.

ಇನ್ನು ಕೆಲವು ಮನೆಗಳಲ್ಲಿ ಒಬ್ಬಳೇ ತಾಯಿಯ ಒಂದು ಮಗು ಹಾಸಿಗೆ ಹಿಡಿದರೆ ಇನ್ನೊಂದು ಆಡಿಕೊಂಡಿರುತ್ತದೆ. ಅಲ್ಲಿ ಸರಿ ಉಂಗುರ, ತಪ್ಪು ಉಂಗುರ ಎರಡೂ ಬೆರೆತಿರುತ್ತವೆ, ಅಕ್ಕಿಯಲ್ಲಿ ಕಲ್ಲು ಬೆರೆತ ಹಾಗೆ. ಪ್ರತಿ ಅಂಡವೂ ಕಣ್ಣುಮುಚ್ಚಿ ತೆಗೆದ ಒಂದು ಚಿಟಿಕೆ. ಒಂದು ಚಿಟಿಕೆಗೆ ಎರಡು ಕಲ್ಲು, ಇನ್ನೊಂದಕ್ಕೆ ಹತ್ತು. ಕಲ್ಲು ಒಂದು ಮಿತಿ ದಾಟಿದ ಮೇಲೆ ಕಾಯಿಲೆ. ಲೆಬರ್‌ನಲ್ಲಿ ಸಾಮಾನ್ಯವಾಗಿ ಎಲ್ಲ ಉಂಗುರವೂ ಒಂದೇ ಥರ ಇರುವುದರಿಂದ ನಿಮ್ಮ ಮನೆಗೆ ಈ ಲೆಕ್ಕ ಅಷ್ಟಾಗಿ ಹೊಂದಲ್ಲ.

ಕೊನೆಗೆ ಅತ್ತೆಯವರ ವಿಷಯ. ಅವರು ಹೇಳಿದ್ದು ಅರ್ಧ ನಿಜ, ಉಂಗುರ ನಿಮ್ಮ ಕಡೆಯಿಂದಲೇ ಬಂದದ್ದು. ಆದರೆ ಅವರು ತಮ್ಮ ಮಗನಿಗೆ ಕೊಟ್ಟ ಉಂಗುರ ಎಲ್ಲಿಗೆ ಹೋಯಿತು ಅಂತ ಕೇಳಿ. ಮಗನಲ್ಲೇ ನಿಂತಿತು. ಗಂಡಿನ ವೀರ್ಯಾಣುವಿನ ಜೊತೆ ಒಳಗೆ ಬರುವ ಮೈಟೊಕಾಂಡ್ರಿಯವನ್ನು ಅಂಡವೇ ಕರಗಿಸಿಬಿಡುತ್ತದೆ. ಅವರ ಉಂಗುರ ಮುಂದೆ ಹೋಗಿದ್ದರೆ ಅದು ನಿಮ್ಮ ನಾದಿನಿಯ ಮಕ್ಕಳಲ್ಲಿದೆ. ನಿಮ್ಮ ಮಗನ ಹೃದಯ ಬಡಿಯುವುದಕ್ಕೆ, ಅವನು ಮೆಟ್ಟಿಲು ಹತ್ತುವುದಕ್ಕೆ, ಈ ಪತ್ರ ಕೇಳಿಸಿಕೊಳ್ಳುವುದಕ್ಕೆ ಬೇಕಾದ ಶಕ್ತಿಯನ್ನೂ ನಿಮ್ಮಿಂದ ಬಂದ ಆ ಮೈಟೊಕಾಂಡ್ರಿಯವೇ ತಯಾರಿಸುತ್ತಿದೆ.

ಈಗ ಪತ್ರಿಕೆಯನ್ನು ತಂಗಿ ಓದಿ ಹೇಳುತ್ತಾಳೆ, ಅವನು ಕೇಳುತ್ತಾನೆ ಅಂತ ಬರೆದಿದ್ದೀರಿ. ಇದನ್ನೂ ಅವಳೇ ಓದಲಿ. ಅತ್ತೆಯವರು ಪಕ್ಕದ ಕೋಣೆಯಲ್ಲಿದ್ದರೆ ಸ್ವಲ್ಪ ಜೋರಾಗಿ.