ಪ್ರತಿಕ್ರಿಯೆ: ಬಾಬಾಬುಡನ್‌ಗಿರಿಯ ಪಟ್ಟೆ ಕಲ್ಲೂ ತೂತು ಕಲ್ಲೂ ಒಂದೇನಾ?
ಬೆಟ್ಟದಲ್ಲಿ ಸಿಗುವ ಭಾರದ ಪಟ್ಟೆ ಕಲ್ಲೂ ತೂತು ಕಲ್ಲೂ ಒಂದೇನಾ ಎಂದು ಕೇಳಿದ್ದೀರಿ. ಒಂದೇ ಅಲ್ಲ. ಪಟ್ಟೆ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಸಮುದ್ರದ ತಳದಲ್ಲಿ ಕಬ್ಬಿಣ ಮತ್ತು ಸಿಲಿಕಾ (ಮರಳಿನ ಮುಖ್ಯ ಅಂಶ) ಪದರ ಪದರವಾಗಿ ಕೂತು ಆದದ್ದು. ತೂತಿರುವುದು ಜಂಬಿಟ್ಟಿಗೆ. ಮಳೆ, ಬಿಸಿಲಿಗೆ ಬಂಡೆಯೇ ಕೊಳೆತು ಉಳಿದ ಭಾಗ ಅದು, ಪಟ್ಟೆ ಇರುವುದಿಲ್ಲ.

ಪಟ್ಟೆ ಕಲ್ಲಿನಲ್ಲಿ ಯಾವ ಕಬ್ಬಿಣದ ಅದಿರಿದೆ ಎಂದು ತಿಳಿಯಲು ಬಿದ್ದಿರುವ ಚೂರನ್ನೇ ತೆಗೆದುಕೊಳ್ಳಿ, ಬಂಡೆ ಒಡೆಯಬೇಡಿ. ಹೊಳಪಿಲ್ಲದ ಟೈಲ್ಸ್ ಹಿಂಬದಿಗೆ ಕಪ್ಪು ಪಟ್ಟೆಯನ್ನು ಉಜ್ಜಿ: ಗೆರೆ ಕೆಂಗಂದಾದರೆ ಹೆಮಟೈಟ್, ಕಪ್ಪಾದರೆ ಮ್ಯಾಗ್ನಟೈಟ್. ಎರಡನೆಯದಕ್ಕೆ ಅಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ. ಹೆಚ್ಚಿನವರು ಎಡವುವುದು ತುಕ್ಕು ಹಿಡಿದ ಹೊರಮೈ ಉಜ್ಜಿ; ಆಗ ಹಳದಿಗಂದು ಗೆರೆ ಬರುತ್ತದೆ. ಬಿದ್ದ ಚೂರಿನಲ್ಲೇ ಹೊಸದಾಗಿ ಮುರಿದ ಮುಖವನ್ನು ಉಜ್ಜಬೇಕು. ಮ್ಯಾಗ್ನಟೈಟ್ ಬಂಡೆಯ ಪಕ್ಕ ದಿಕ್ಸೂಚಿ ನಂಬಬೇಡಿ, ಮುಳ್ಳು ವಾಲುತ್ತದೆ.

ಕಾಡುಕೋಣ ಎಲ್ಲಿ ನೋಡಬಹುದು ಎಂದೂ ಕೇಳಿದ್ದೀರಿ: ಮಣ್ಣು ತೆಳುವಾದ ನೆತ್ತಿಯಲ್ಲಿ ಹುಲ್ಲು, ತೇವ ಉಳಿಯುವ ಕಣಿವೆಯಲ್ಲಿ ಶೋಲಾ, ಅಂದರೆ ದಟ್ಟ ಕುಳ್ಳ ಕಾಡು. ಅವೆರಡು ಸೇರುವ ಅಂಚಿನಲ್ಲಿ, ಮುಂಜಾನೆ, ದೂರದಿಂದಲೇ ನೋಡಿ.