ಕಪಾಟಿನ ಬೀಗ ಮತ್ತು ಮಳೆಗಾಲದ ಪ್ರಬಂಧ

ಪ್ರಿಯ ಟೀಚರ್, ನಮಸ್ಕಾರ.

ಬ್ರಹ್ಮಾವರದ ಹತ್ತಿರದ ಹೈಸ್ಕೂಲಿನಿಂದ ನೀವು ಬರೆದ ಪತ್ರ ತಲುಪಿತು. ‘ಮಳೆಗಾಲ’ದ ಬಗ್ಗೆ ಪ್ರಬಂಧ ಬರೆಸಿದರೆ ಕ್ಲಾಸಿಗೆ ಕ್ಲಾಸೇ ‘ಭೂಮಿತಾಯಿ ಹಸಿರು ಸೀರೆ ಉಟ್ಟಿದ್ದಾಳೆ’ ಎಂದು ಶುರು ಮಾಡಿತು ಎಂದಿದ್ದೀರಿ. ಶಾಲೆಯ ಗ್ರಂಥಾಲಯದಿಂದ ಇದಕ್ಕೇನಾದರೂ ದಾರಿ ಉಂಟಾ, ಮಕ್ಕಳ ಕೈಗೆ ಪುಸ್ತಕ ಕೊಟ್ಟು ಕಳೆದುಹೋದರೆ ಲೆಕ್ಕ ಕೊಡುವವರು ಯಾರು ಎಂದೂ ಕೇಳಿದ್ದೀರಿ.

ಆ ಹಸಿರು ಸೀರೆ ಗೈಡಿನದ್ದು. ಮಕ್ಕಳನ್ನು ದೂರಬೇಡಿ. ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳು ಮನೆಯಲ್ಲಿ ಮಾತಾಡುವುದು ತುಳು, ಕೊಂಕಣಿ, ಬ್ಯಾರಿ. ಉಳಿದವರದ್ದು ಹೆಚ್ಚಾಗಿ ಕುಂದಾಪ್ರ ಕನ್ನಡ. ಬರೆಯುವ ಕನ್ನಡ ಅವರಿಗೆ ಸಿಗುವುದು ಪಾಠಪುಸ್ತಕದಲ್ಲಿ, ಆಮೇಲೆ ಗೈಡಿನಲ್ಲಿ. ಇರುವ ಎರಡೇ ಪಾತ್ರೆಯಲ್ಲಿ ಎಷ್ಟು ಬಗೆಯ ಅಡುಗೆ ಮಾಡಲಿಕ್ಕಾಗುತ್ತದೆ? ಕಥೆ, ಪ್ರವಾಸ, ಹಕ್ಕಿಗಳ ಪುಸ್ತಕ, ಯಾರದೋ ಬಾಲ್ಯದ ನೆನಪು ಹೀಗೆ ಹತ್ತಾರು ಬಗೆಯ ಕನ್ನಡ ಕಣ್ಣಿಗೆ ಬಿದ್ದಾಗಲೇ ‘ಓ, ಹೀಗೂ ಬರೆಯಬಹುದಾ’ ಎಂದು ಮಗುವಿಗೆ ಅನಿಸುವುದು. ಅದಕ್ಕೇ ನಮ್ಮ ಕಡೆ ಶಾಲೆಯ ಗ್ರಂಥಾಲಯದ ಕೆಲಸ ಇನ್ನೂ ಜಾಸ್ತಿ ಎಂದು ನಾನು ನಂಬಿದ್ದೇನೆ.

ನಾನು ಕಲಿತ ಶಾಲೆಯಲ್ಲಿ ಗ್ರಂಥಾಲಯ ಅಂದರೆ ಹೆಡ್‌ಮಾಸ್ಟರ ಕೋಣೆಯ ಒಂದು ಕಬ್ಬಿಣದ ಕಪಾಟು. ಇನ್‌ಸ್ಪೆಕ್ಷನ್ ದಿನ ಮಾತ್ರ ಅದರ ಬೀಗ ತೆರೆಯುತ್ತಿತ್ತು. ಒಂದು ವರ್ಷ ತೆರೆದಾಗ ಕೆಳಗಿನ ಸಾಲಿಗೆ ಪೂರ್ತಿ ಬೂಷ್ಟು ಹಿಡಿದಿತ್ತು. ಯಾರೂ ಓದದೆ ಹಾಳಾದ ಆ ಪುಸ್ತಕಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ನಮ್ಮ ಮಳೆಗೆ ಮುಚ್ಚಿಟ್ಟ ಪುಸ್ತಕ ಉಳಿಯುವುದಿಲ್ಲ ಟೀಚರ್. ಮಕ್ಕಳ ಕೈಯಲ್ಲಿ ವರ್ಷಕ್ಕೆ ನಾಲ್ಕು ಕಳೆದರೆ ಕಳೆಯಲಿ, ಬೂಷ್ಟು ಮತ್ತು ಒರಲೆ ತಿನ್ನುವುದು ಅದಕ್ಕಿಂತ ಜಾಸ್ತಿ. ಇದನ್ನು ನಿಮ್ಮ ಹೆಡ್‌ಮಾಸ್ಟರಿಗೆ ಧೈರ್ಯವಾಗಿ ಹೇಳಿ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿದ ಎಸ್. ಆರ್. ರಂಗನಾಥನ್ 1917ರಲ್ಲಿ ನಮ್ಮ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದ್ದೇ, ಪುಸ್ತಕ ಇರುವುದು ಬಳಸಲಿಕ್ಕೆ ಎಂದು.

ಓದಿದ ಮೇಲೆ ಏನು ಮಾಡಿಸಬೇಕು ಎಂಬಲ್ಲಿ ನಾವು ಎಡವುತ್ತೇವೆ. ದಯವಿಟ್ಟು ಸಾರಾಂಶ ಬರೆಸಬೇಡಿ. ಸಾರಾಂಶ ಬರೆಯಬೇಕು ಎಂದು ಗೊತ್ತಾದ ಕೂಡಲೇ ಮಗು ಅತಿ ತೆಳ್ಳಗಿನ ಪುಸ್ತಕ ಹುಡುಕುತ್ತದೆ. ಅದರ ಬದಲು, ಇಷ್ಟವಾದ ಒಂದೇ ಒಂದು ವಾಕ್ಯವನ್ನು ನೋಟ್‌ಬುಕ್ಕಿಗೆ ಇಳಿಸಲಿ. ಅದೇ ಧಾಟಿಯಲ್ಲಿ ತನ್ನ ಮನೆಯ ಬಗ್ಗೆ ಒಂದು ವಾಕ್ಯ ಬರೆಯಲಿ. ಅಷ್ಟು ಸಾಕು. ಮಲ್ಪೆ ಕಡೆಯ ಹುಡುಗನಿಗೆ ಮಳೆಗಾಲ ಅಂದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ, ಅಪ್ಪ ಮನೆಯಲ್ಲಿ ಕೂತು ಬಲೆ ಸರಿ ಮಾಡುವ ಕಾಲ, ಕೈಯಲ್ಲಿ ದುಡ್ಡಿಲ್ಲದ ಕಾಲ. ಅವನ ಹತ್ತಿರ ಬರೆಯಲು ಎಷ್ಟೊಂದು ಉಂಟು, ಅಲ್ವಾ? ಅದು ಬರೆಯುವಂಥ ವಿಷಯ ಎಂದು ಅವನಿಗೆ ಯಾರೂ ಹೇಳಿಲ್ಲ ಅಷ್ಟೆ. ತನ್ನಂಥದ್ದೇ ಮನೆಯ ಕಥೆ ಪುಸ್ತಕದಲ್ಲಿ ಸಿಕ್ಕಿದ ದಿನ ಅದು ಅವನಿಗೇ ತಿಳಿಯುತ್ತದೆ. ಕನ್ನಡದ ಶಬ್ದ ಹೊಳೆಯದಿದ್ದರೆ ತುಳು ಶಬ್ದವನ್ನೇ ಬರೆಯಲಿ, ಕೆಂಪು ಗೆರೆ ಎಳೆಯಬೇಡಿ. ಆಮೇಲೆ ನಿಘಂಟಿನಲ್ಲಿ ಒಟ್ಟಿಗೆ ಹುಡುಕಬಹುದು. ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ ಎಂದೂ ಮಕ್ಕಳಿಗೆ ಹೇಳಿ, ಖುಷಿ ಪಡುತ್ತಾರೆ.

ಪ್ರಬಂಧ ಸ್ಪರ್ಧೆಗಳ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಗೆಲ್ಲುವ ಮೂವರು ಮೊದಲೇ ಚೆನ್ನಾಗಿ ಬರೆಯುವವರು. ಕೈಬರಹದ ಪತ್ರಿಕೆ ಮಾಡಿಸಿ. ತಿಂಗಳಿಗೊಂದು, ಹದಿನಾರು ಪುಟ ಸಾಕು. ಹೊಲಿದು ರಟ್ಟು ಹಾಕಿ, ಗ್ರಂಥಾಲಯದ ದಾಖಲೆ ಪುಸ್ತಕದಲ್ಲಿ ಅದಕ್ಕೂ ಒಂದು ನಂಬರ್ ಕೊಟ್ಟು, ಉಳಿದ ಪುಸ್ತಕಗಳ ನಡುವೆ ಇಡಿ. ಬೇರೆ ಕ್ಲಾಸಿನ ಮಗು ಅದನ್ನು ಹೆಸರು ಬರೆಸಿ ಮನೆಗೆ ಒಯ್ಯಬೇಕು. ತನ್ನ ಬರಹವನ್ನು ಟೀಚರ್ ಅಲ್ಲದ ಇನ್ನೊಬ್ಬರು ಓದುತ್ತಾರೆ ಎಂದು ಗೊತ್ತಾದರೆ ಮಗು ತಾನಾಗಿಯೇ ಇನ್ನೊಮ್ಮೆ ತಿದ್ದಿ ಬರೆಯುತ್ತದೆ.

ಈ ಜೂನಿನಲ್ಲಿ ಶಾಲೆ ಶುರುವಾಗುವಾಗ ಒಂದು ಕಪಾಟಿನಿಂದ ಆರಂಭಿಸಿ. ಪುಸ್ತಕ ಕೊಡುವ ಲೆಕ್ಕವನ್ನು ಎಂಟನೆಯ ಕ್ಲಾಸಿನ ಇಬ್ಬರು ಮಕ್ಕಳಿಗೇ ಒಪ್ಪಿಸಿ. ಮೊದಲ ಸಂಚಿಕೆ ಆದಾಗ ನಮಗೆ ಒಂದು ವಾರದ ಮಟ್ಟಿಗೆ ಕಳಿಸಿಕೊಡಿ. ನಾನು ಓದಿ, ಬರೆದ ಪ್ರತಿ ಮಗುವಿಗೂ ಎರಡು ಸಾಲು ಬರೆದು ಜೋಪಾನವಾಗಿ ವಾಪಸ್ ಮುಟ್ಟಿಸುತ್ತೇನೆ.

ಸಂಪಾದಕ