ದಾರ್ಫುರ್‌ಗೆ ಮತ್ತೆ ಶಾಂತಿಪಡೆ ಕಳಿಸಿದರೆ ಸಾಕಾ?

ವಿಶ್ವಸಂಸ್ಥೆಯ ಪಡೆ ಮತ್ತೆ ಹೋದರೆ ಸುಡಾನ್ ದೇಶದ ಪಶ್ಚಿಮ ಭಾಗವಾದ ದಾರ್ಫುರ್‌ನ ಹತ್ಯಾಕಾಂಡ ನಿಲ್ಲುತ್ತಾ ಅಂತ ಕೇಳಿದ್ದೀರಿ. ಪಡೆ ಬೇಕು ನಿಜ, ಆದರೆ ಅದೊಂದರಿಂದಲೇ ಆಗುವ ಕೆಲಸ ಅಲ್ಲ. ಹಿಂದಿನ ಪಡೆಯ ಅವಧಿ 2020ರ ಕೊನೆಗೆ ಮುಗಿಯಿತು. 2023ರ ಏಪ್ರಿಲ್‌ನಲ್ಲಿ ಸುಡಾನ್ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು.

ನನ್ನ ಪ್ರಕಾರ ಮೊದಲು ಮುಚ್ಚಬೇಕಾದ್ದು ಆಯುಧ ಬರುವ ದಾರಿ. ಭದ್ರತಾ ಮಂಡಳಿಯ ಶಸ್ತ್ರಾಸ್ತ್ರ ನಿಷೇಧ ದಾರ್ಫುರ್‌ಗೆ ಮಾತ್ರ ಇದೆ, ಇಡೀ ಸುಡಾನ್‌ಗಿಲ್ಲ. ದೇಶದ ಬೇರೆ ಕಡೆ ಬಂದಿಳಿದ ಬಂದೂಕು ದಾರ್ಫುರ್‌ಗೆ ಹೋಗೋದನ್ನು ಯಾರು ತಡೀತಾರೆ? ಯುದ್ಧಕ್ಕೆ ದುಡ್ಡು ಒದಗಿಸುವ ಚಿನ್ನದ ವ್ಯಾಪಾರಕ್ಕೂ ಕಡಿವಾಣ ಬೇಕು.

ದಾರ್ಫುರ್‌ನ ಎಲ್ ಫಾಶೆರ್ ನಗರಕ್ಕೆ ಆರ್‌ಎಸ್‌ಎಫ್ ಹಾಕಿದ ಮುತ್ತಿಗೆಯಲ್ಲಿ ಜನ ದನಕ್ಕೆ ಹಾಕುವ ಶೇಂಗಾ ಹಿಂಡಿ ತಿಂದರು. ಅದಕ್ಕೇ ಪಕ್ಕದ ದೇಶ ಚಾಡ್ ಕಡೆಯಿಂದ ಆಹಾರದ ಲಾರಿಗಳು ಬರುವ ಗಡಿದಾರಿ ಒಂದು ದಿನವೂ ಮುಚ್ಚದಂತೆ ಎರಡೂ ಕಡೆಯವರ ಮೇಲೆ ಒತ್ತಡ ಹಾಕಬೇಕು.